ಸ್ವರದ ಮೇಲಿನ ಚುಕ್ಕೆ
ಸಂಗೀತ ಕಲಿಯಲೆಳಸುವ ನಮ್ಮವರಿಗೆ ಕೆಲವು ಮಾತುಗಳು

ಮಾಟುಂಗದ ಒಂದು ಉಪಾಹಾರಗೃಹದಲ್ಲಿ ಗಲ್ಲೆಯ ಮೇಲೆ ಕುಳಿತುಕೊಳ್ಳುವ ಯುವಕನೊಬ್ಬನ ಪರಿಚಯ ನನಗಿದೆ. ಊರು ಕುಂದಾಪುರದ ಕಡೆ. ಚಿಕ್ಕಂದಿನಲ್ಲಿ ಬಯಲಾಟದ ಭಾಗವತರ ಹಾಡು ಕೇಳುತ್ತ ಬೆಳೆದವನು. ಮುಂಬಯಿಗೆ ಬಂದ ಮೇಲೆ ಅಭಂಗ, ನಾಟ್ಯಗೀತೆ, ಭೀಮಸೇನ ಜೋಶಿಯವರ ಧ್ವನಿಮುದ್ರಿಕೆಗಳು ಕಿವಿಗೆ ಬಿದ್ದು ಹಾಡುವ ಆಸೆ ಹುಟ್ಟಿತು. ಮಧ್ಯಾಹ್ನದ ಊಟದ ಗಿರಾಕಿಗಳು ಹೋಗಿ ಸಂಜೆಯ ಕಾಫಿಯವರು ಬರುವುದಕ್ಕೆ ಮೊದಲು ಸಿಗುವ ಒಂದು ತಾಸು, ಅವನ ಪಾಲಿನ ಸಂಗೀತಶಾಲೆ. ಹಳೆಯ ಹಾರ್ಮೋನಿಯಂ ಒಂದನ್ನು ಕೊಂಡನು. ಕಾಲುದಾರಿಯ ಪುಸ್ತಕದಂಗಡಿಯಲ್ಲಿ ಸ್ವರಲಿಪಿಯ ಹಳೆಯ ಪುಸ್ತಕವೊಂದು ಅಗ್ಗಕ್ಕೆ ದೊರೆಯಿತು. ಗುರುಗಳ ಬಳಿಗೆ ಹೋಗುವುದಕ್ಕೆ ವೇಳೆಯಿಲ್ಲ. ಪುಸ್ತಕವನ್ನೇ ಗುರುವೆಂದುಕೊಂಡು ಆರಂಭಿಸಿದನು.

ಆರು ತಿಂಗಳ ತರುವಾಯ ಕಂಡಾಗ ಸ್ವರ ಒಡೆದು ಮಾತೂ ಸರಿಯಾಗಿ ಹೊರಡುತ್ತಿರಲಿಲ್ಲ. “ರಾಯರೇ, ನನ್ನ ಗಂಟಲು ಸಂಗೀತಕ್ಕೆ ಹೇಳಿದ್ದಲ್ಲ. ಪುಸ್ತಕದ ಮೊದಲನೆಯ ಹಾಡೇ ಏರುವುದಿಲ್ಲ. ಪೆಟ್ಟಿಗೆ ಮಾರಿಬಿಡುತ್ತೇನೆ” ಎಂದನು. ಪುಸ್ತಕ ತರಿಸಿ ನೋಡಿದೆ. ಗಂಟಲಿನ ತಪ್ಪು ಅದರಲ್ಲಿ ಏನೂ ಇರಲಿಲ್ಲ. ತಪ್ಪು ಒಂದು ಚುಕ್ಕೆಯದು. ಚಿಹ್ನೆಗಳ ಅರ್ಥವನ್ನು ಅವನು ಬೇರೊಂದು ಕೈಪಿಡಿಯಿಂದ ಕಲಿತಿದ್ದನು. ಅದರಲ್ಲಿ ಸ್ವರದ ಮೇಲೆ ಚುಕ್ಕೆಯಿದ್ದರೆ ತಾರಸ್ಥಾಯಿ, ಅಂದರೆ ಮೇಲಿನ ಸಪ್ತಕ. ಕೈಯಲ್ಲಿದ್ದ ಪುಸ್ತಕವಾದರೋ ಇನ್ನೊಂದು ಪದ್ಧತಿಯದು. ಅದರಲ್ಲಿ ಮೇಲಿನ ಚುಕ್ಕೆಗೆ ಮಂದ್ರಸ್ಥಾಯಿ ಎಂದು ಅರ್ಥ. ಕೆಳಕ್ಕೆ ಇಳಿಯಬೇಕಾದಲ್ಲೆಲ್ಲ ಈ ಪುಣ್ಯಾತ್ಮ ಮೇಲಕ್ಕೆ ಏರುತ್ತಿದ್ದನು! ಆರು ತಿಂಗಳು ಹೀಗೆ ಕೂಗಿದರೆ ಯಾರ ಗಂಟಲು ತಾನೇ ಉಳಿದೀತು?

ಇಂಥ ತೊಡಕಿನಲ್ಲಿ ಸಿಕ್ಕಿ ಸಂಗೀತವನ್ನೇ ಕೈಬಿಟ್ಟ ಗುಮಾಸ್ತರನ್ನೂ ಹೊಟೇಲು ಕೆಲಸಗಾರರನ್ನೂ ನಾನು ಬಲ್ಲೆ. ಆದುದರಿಂದ ಈ ವಿಷಯವನ್ನು ಬುಡದಿಂದ ಸ್ವಲ್ಪ ವಿವರಿಸುವುದು ಉಚಿತವೆಂದು ತೋರಿತು. ನಾನು ವಿದ್ವಾಂಸನಲ್ಲ, ಕಚೇರಿಯ ಕೆಲಸ ಮುಗಿಸಿ ರಾತ್ರಿಯ ತರಗತಿಗಳಲ್ಲಿ ಕಲಿತವನು.

ಹನ್ನೆರಡು ಮನೆಗಳು

ಸ, ರಿ, ಗ, ಮ, ಪ, ದ, ನಿ ಎಂಬ ಏಳು ಸ್ವರಗಳನ್ನು ಅರಿಯದವರಿಲ್ಲ. ಇವುಗಳಲ್ಲಿ ಷಡ್ಜ, ಪಂಚಮಗಳು ಅಚಲ. ಅವುಗಳಿಗೆ ಒಂದೊಂದೇ ರೂಪ. ಉಳಿದ ಐದಕ್ಕೆ ಎರಡೆರಡು ರೂಪಗಳು. ಎರಡೂ ಐದೆರಡು ಹತ್ತೂ ಕೂಡಿ ಹನ್ನೆರಡು. ಹಾರ್ಮೋನಿಯಂನಲ್ಲಿ ಒಂದು ಸಪ್ತಕಕ್ಕೆ ಏಳು ಬಿಳಿ, ಐದು ಕರಿ ಮನೆಗಳಿರುವುದರ ಲೆಕ್ಕವೂ ಇದೇ.

ಷಡ್ಜವೆಂಬುದು ಯಾವ ಮನೆಯಲ್ಲಿಯೂ ಇರಬಹುದು. ಹಾಡುವವನ ಕಂಠಕ್ಕೆ ಒಗ್ಗುವ ಸ್ಥಾನವೇ ಅವನ ಷಡ್ಜ. ಇಲ್ಲಿಯವರು ‘ಕಾಳೀ ಏಕ’, ‘ಸಫೇದ್ ಚಾರ್’ ಎನ್ನುತ್ತಾರೆ. ಮೈಸೂರಿನ ಕಡೆ ‘ಒಂದು ಮನೆ’, ‘ಎರಡೂವರೆ ಮನೆ’ ಎನ್ನುವುದು ವಾಡಿಕೆ. ಗಂಡಸರಿಗೆ ಸಾಮಾನ್ಯವಾಗಿ ಮೊದಲನೆಯ ಬಿಳಿ ಅಥವಾ ಮೊದಲನೆಯ ಕರಿ ಮನೆಯ ಸುತ್ತಮುತ್ತ ಷಡ್ಜ ಹೊಂದುತ್ತದೆ; ಹೆಂಗಸರಿಗೆ ನಾಲ್ಕನೆಯ, ಐದನೆಯ ಕರಿ ಮನೆಗಳ ಹತ್ತಿರ. ಯಾರೋ ದೊಡ್ಡ ಗವಾಯಿ ಹಾಡುವ ಶ್ರುತಿಯನ್ನೇ ಹಿಡಿಯುವೆನೆಂಬ ಹಟ ಬೇಡ.

ಈ ಸ್ಥಾನಗಳು ಯಾರೋ ಕುಳಿತು ಇಚ್ಛೆಯಿಂದ ಗೊತ್ತುಮಾಡಿದವುಗಳಲ್ಲ. ಮೂವತ್ತಾರು ಅಂಗುಲ ಉದ್ದದ ತಂತಿಯೊಂದನ್ನು ಬಿಗಿದು ಮೀಟಿದರೆ ಬರುವ ನಾದ ಷಡ್ಜವೆನ್ನೋಣ. ಸರಿಯಾಗಿ ಅರ್ಧಕ್ಕೆ, ಹದಿನೆಂಟು ಅಂಗುಲಕ್ಕೆ, ಒತ್ತಿ ಮೀಟಿದರೆ ತಾರಷಡ್ಜ ಬರುತ್ತದೆ. ಇಪ್ಪತ್ತನಾಲ್ಕು ಅಂಗುಲ ಉಳಿಯುವಂತೆ ಒತ್ತಿದರೆ ಪಂಚಮ. ಇಪ್ಪತ್ತೇಳು ಉಳಿದರೆ ಶುದ್ಧ ಮಧ್ಯಮ. ಹದಿನೇಳನೆಯ ಶತಮಾನದ ಅಹೋಬಲ ಪಂಡಿತನು ‘ಸಂಗೀತ ಪಾರಿಜಾತ’ವೆಂಬ ಸಂಸ್ಕೃತ ಗ್ರಂಥದಲ್ಲಿ ವೀಣೆಯ ತಂತಿಯ ಉದ್ದದಿಂದಲೇ ಸ್ವರಗಳ ಸ್ಥಾನ ಹೇಳಿದನು. ಷಡ್ಜಕ್ಕೂ ಪಂಚಮಕ್ಕೂ ಇರುವ ಎರಡು-ಮೂರರ ಈ ಲೆಕ್ಕ ಸೃಷ್ಟಿಯಲ್ಲಿಯೇ ಇರುವುದರಿಂದ, ಪಂಚಮ ಒಂದಿಷ್ಟು ಜಾರಿದರೂ ಓದುಬರಹ ಬಾರದವನ ಕಿವಿಗೂ ಅದು ಚುಚ್ಚುತ್ತದೆ.

ಹಾರ್ಮೋನಿಯಂನ ಮೇಲೆ ವಿದ್ವಾಂಸರಿಗಿದ್ದ ಅಸಮಾಧಾನವೂ ಇಲ್ಲಿಂದಲೇ ಬಂದುದು. ಯೂರೋಪಿನಿಂದ ಬಂದ ಆ ಪೆಟ್ಟಿಗೆಯಲ್ಲಿ ಹನ್ನೆರಡು ಮನೆಗಳ ನಡುವಣ ಅಂತರವನ್ನು ಸರಿಸಮನಾಗಿ ಹಂಚಿದ್ದಾರೆ. ಅದರ ಪಂಚಮ ಸಹಜ ಪಂಚಮಕ್ಕಿಂತ ಕೂದಲೆಳೆಯಷ್ಟು ಕೆಳಗೆ. ಶುದ್ಧ ಗಾಂಧಾರವೋ ಕಿವಿಗೆ ತಿಳಿಯುವಷ್ಟು ಮೇಲೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡವಂತೂ ಅದರಲ್ಲಿ ಬಾರದು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ವಾದ್ಯವನ್ನೇ ನಿಷೇಧಿಸಿತು; ಆ ನಿಷೇಧ ಸಡಿಲಗೊಂಡುದು 1971ರಲ್ಲಿ. ಅಷ್ಟು ಕಠಿಣವಾಗಬೇಕಾಗಿರಲಿಲ್ಲವೆಂದು ನನ್ನ ಮತ. ಹೊಸಬನಿಗೆ ಸ್ವರ ತೋರಿಸಿಕೊಡಲು ಆ ಪೆಟ್ಟಿಗೆ ಸಾಕು. ಆದರೆ ಸಾಧನೆಯನ್ನು ತಂಬೂರಿಯ ಶ್ರುತಿಯ ಮೇಲೆಯೇ ಮಾಡತಕ್ಕದ್ದು. ಈಗ ಕೈಯಲ್ಲಿರುವ ಮೊಬೈಲಿನಲ್ಲಿಯೇ ತಂಬೂರಿ ಮೊಳಗುವಾಗ ಖರ್ಚಿನ ನೆಪವೂ ಉಳಿಯಲಿಲ್ಲ.

ಇನ್ನು ನಮ್ಮವರನ್ನು ವಿಶೇಷವಾಗಿ ಬಾಧಿಸುವ ಒಂದು ತೊಡಕು ಇದೆ. ಕನ್ನಡಿಗರಲ್ಲಿ ಧಾರವಾಡ, ಬೆಳಗಾವಿಗಳ ಕಡೆಯವರು ಹಿಂದುಸ್ತಾನೀ ಸಂಗೀತಕ್ಕೂ, ಮೈಸೂರು, ಬೆಂಗಳೂರುಗಳ ಕಡೆಯವರು ಕರ್ನಾಟಕ ಸಂಗೀತಕ್ಕೂ ಒಗ್ಗಿದವರು. ಕರಾವಳಿಯವರ ಕಿವಿಗೆ ಎರಡೂ ಬೀಳುತ್ತವೆ. ಎರಡರಲ್ಲಿಯೂ ಮನೆಗಳು ಅವೇ ಹನ್ನೆರಡು. ಹೆಸರುಗಳು ಮಾತ್ರ ಬೇರೆ. ಕರ್ನಾಟಕ ಪದ್ಧತಿಯ ‘ಶುದ್ಧ ರಿಷಭ’ವೆಂದರೆ ಷಡ್ಜದ ಪಕ್ಕದ ಮನೆ, ಅದನ್ನು ಹಿಂದುಸ್ತಾನಿಯವರು ‘ಕೋಮಲ ರೇ’ ಎನ್ನುವರು. ಹಿಂದುಸ್ತಾನಿಯ ‘ಶುದ್ಧ ರೇ’ ದಕ್ಷಿಣದ ‘ಚತುಶ್ರುತಿ ರಿಷಭ’. ಶುದ್ಧವೆಂಬ ಒಂದೇ ಶಬ್ದ ಎರಡು ಕಡೆ ಎರಡು ಮನೆಗಳನ್ನು ತೋರಿಸುತ್ತದೆ. ರಾಗಗಳ ಹೆಸರಿನಲ್ಲಿಯೂ ಹಾಗೆಯೇ. ದಕ್ಷಿಣದ ತೋಡಿಯ ಸ್ವರಗಳನ್ನು ಉತ್ತರದವರು ಭೈರವಿ ಎಂಬರು. ಉತ್ತರದ ತೋಡಿ ದಕ್ಷಿಣದಲ್ಲಿ ಶುಭಪಂತುವರಾಳಿ. ದಕ್ಷಿಣದ ಹಿಂದೋಳವು ಇಲ್ಲಿ ಮಾಲಕಂಸವಾಗುತ್ತದೆ, ಇಲ್ಲಿಯ ಹಿಂದೋಲವೇ ಬೇರೆ. ಊರಿನ ಪುಸ್ತಕವನ್ನು ಇಲ್ಲಿಯ ಗುರುವಿನ ಮುಂದೆ ತೆರೆದು ವಾದಕ್ಕಿಳಿಯುವ ಮೊದಲು ಇದು ನೆನಪಿರಲಿ.

ಭೂಪವೂ ದೇಶಕಾರವೂ

ಸ್ವರಗಳು ಗೊತ್ತಾದರೆ ರಾಗ ಗೊತ್ತಾದಂತೆ ಎಂದು ಹೊಸಬರು ಭಾವಿಸುವುದುಂಟು. ಭೂಪರಾಗವನ್ನು ತೆಗೆದುಕೊಳ್ಳೋಣ. ಸ, ರಿ, ಗ, ಪ, ದ ಎಂಬ ಐದೇ ಸ್ವರಗಳು; ದಕ್ಷಿಣದಲ್ಲಿ ಇವು ಮೋಹನದ ಸ್ವರಗಳು. ಹಾರ್ಮೋನಿಯಂನಲ್ಲಿ ಮೂರನೆಯ ಕರಿ ಮನೆಯನ್ನು ಷಡ್ಜವಾಗಿಟ್ಟುಕೊಂಡು ಅಲ್ಲಿಂದ ಕರಿ ಮನೆಗಳನ್ನೇ ಒಂದಾದ ಮೇಲೊಂದು ಒತ್ತಿಕೊಂಡು ಹೋದರೆ ಇಡೀ ಭೂಪದ ಸ್ವರಗಳು ಬಂದುಬಿಡುತ್ತವೆ; ಬಿಳಿಯ ಮನೆಯ ಗೊಡವೆಯೇ ಇಲ್ಲ. ಹೊಸದಾಗಿ ಪೆಟ್ಟಿಗೆ ಕೊಂಡವರು ಇಂದೇ ಮಾಡಿ ನೋಡಬಹುದು.

ಆದರೆ ಇವೇ ಐದು ಸ್ವರಗಳು ದೇಶಕಾರ ರಾಗದಲ್ಲಿಯೂ ಇವೆ. ಒಂದೂ ಹೆಚ್ಚಿಲ್ಲ, ಒಂದೂ ಕಡಮೆಯಿಲ್ಲ. ಹಾಗಾದರೆ ಭೇದವೆಲ್ಲಿ? ಭೂಪದಲ್ಲಿ ಗಾಂಧಾರವು ವಾದಿ, ಅಂದರೆ ಅರಸನಂತೆ ಮುಖ್ಯ ಸ್ವರ. ಧೈವತವು ಸಂವಾದಿ, ಮಂತ್ರಿಯಿದ್ದಂತೆ. ದೇಶಕಾರದಲ್ಲಿ ಧೈವತವೇ ಅರಸ, ಗಾಂಧಾರ ಮಂತ್ರಿ. ಭೂಪವು ಸಪ್ತಕದ ಕೆಳ ಅರ್ಧದಲ್ಲಿ, ಮಂದ್ರದ ಕಡೆ ಒಲೆದು, ಸಾವಕಾಶವಾಗಿ ಗಾಂಧಾರದ ಮೇಲೆ ನಿಲ್ಲುತ್ತದೆ. ದೇಶಕಾರ ಮೇಲಿನ ಅರ್ಧದಲ್ಲಿ ಧೈವತವನ್ನು ಹಿಡಿದು ಮೆರೆಯುತ್ತದೆ. ಮೊದಲನೆಯದು ರಾತ್ರಿಯ ಮೊದಲ ಜಾವದ್ದು, ಎರಡನೆಯದು ಬೆಳಗಿನದು. ಭೂಪ ಹಾಡುತ್ತ ಧೈವತದ ಮೇಲೆ ಎರಡು ಗಳಿಗೆ ಹೆಚ್ಚು ನಿಂತರೆ ರಾತ್ರಿಯಲ್ಲಿ ಬೆಳಕು ಹರಿದಂತೆ. ತಿಳಿದ ಕೇಳುಗ ಹುಬ್ಬು ಗಂಟಿಕ್ಕುತ್ತಾನೆ. ಏರುವ ದಾರಿ, ಇಳಿಯುವ ದಾರಿ, ನಿಲ್ಲುವ ಎಡೆ, ರಾಗವನ್ನು ಒಡನೆ ಗುರುತಿಸುವ ಸ್ವರಗಳ ಗುಂಪು (ಅದಕ್ಕೆ ‘ಪಕಡ’ ಎಂಬರು), ಇವೆಲ್ಲವೂ ಕೂಡಿದಾಗಲೇ ರಾಗ.

ತಾಳದ ಮಾತು ಚಿಕ್ಕದು. ಇಲ್ಲಿ ಬಹಳವಾಗಿ ಕೇಳಬರುವುದು ತೀನತಾಲ: ಹದಿನಾರು ಮಾತ್ರೆ, ನಾಲ್ಕು ನಾಲ್ಕರ ನಾಲ್ಕು ವಿಭಾಗ. ಧಾ ಧಿನ್ ಧಿನ್ ಧಾ, ಧಾ ಧಿನ್ ಧಿನ್ ಧಾ, ಧಾ ತಿನ್ ತಿನ್ ತಾ, ತಾ ಧಿನ್ ಧಿನ್ ಧಾ. ಒಂದನೆಯ, ಐದನೆಯ, ಹದಿಮೂರನೆಯ ಮಾತ್ರೆಗಳಿಗೆ ಚಪ್ಪಾಳೆ. ಒಂಬತ್ತನೆಯದಕ್ಕೆ ಚಪ್ಪಾಳೆಯಿಲ್ಲದೆ ಕೈ ಬೀಸುವುದು, ಅದು ‘ಖಾಲಿ’. ಮೊದಲನೆಯ ಮಾತ್ರೆ ‘ಸಮ’. ದಕ್ಷಿಣದ ಆದಿತಾಳದಲ್ಲಿ ಎಂಟು ಅಕ್ಷರ: ನಾಲ್ಕರ ಲಘು ಒಂದು, ಎರಡೆರಡರ ದ್ರುತ ಎರಡು. ಭಾಗವತರ ಜಾಗಟೆಗೆ ಒಗ್ಗಿದ ಕರಾವಳಿಯ ಕಿವಿಗೆ ಇದರಲ್ಲಿ ಕಷ್ಟವಿಲ್ಲ. ಗಲ್ಲೆಯ ನನ್ನ ಗೆಳೆಯ ತಾಳದಲ್ಲಿ ಒಮ್ಮೆಯೂ ತಪ್ಪಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು.

ಹಾಡು ಕಾಗದಕ್ಕಿಳಿದ ಕಥೆ

ಸ್ವರವನ್ನು ಅಕ್ಷರದಲ್ಲಿ ಬರೆಯುವುದು ನಮ್ಮ ನಾಡಿಗೆ ಹೊಸದಲ್ಲ. ತಮಿಳುನಾಡಿನ ಪುದುಕೋಟೆಯ ಬಳಿ ಕುಡುಮಿಯಾನ್‌ಮಲೈ ಎಂಬಲ್ಲಿ ಬಂಡೆಯ ಮೇಲೆ ಸ್ವರಾಕ್ಷರಗಳನ್ನೇ ಕೊರೆದ ಏಳನೆಯ ಶತಮಾನದ ಶಾಸನವಿದೆ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ವನ್ನು ಬರೆದನು, ಅದಕ್ಕೆ ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಕಲ್ಲಿನಾಥನು ಟೀಕೆ ರಚಿಸಿದನು. ಆದರೂ ಹಾಡು ಕಲಿಯುವುದು ಮಾತ್ರ ಗುರುಮುಖದಿಂದಲೇ. ಬರವಣಿಗೆ ಶಾಸ್ತ್ರಕ್ಕೆ ಮೀಸಲು.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರು ನೆನೆಯಬೇಕಾದ ಹೆಸರೊಂದು ಇಲ್ಲಿದೆ: ಪುಂಡರೀಕ ವಿಠ್ಠಲ. ಇವನು ಹದಿನಾರನೆಯ ಶತಮಾನದವನು. ಶಿವಗಂಗೆಯ ಬೆಟ್ಟದ ಸಮೀಪದ ಸಾತನೂರಿನವನು. ತಾನು ಕರ್ಣಾಟಕದವನೆಂದು ಹೇಳಿಕೊಂಡವನು. ಉತ್ತರಕ್ಕೆ ಹೋಗಿ ಖಾನದೇಶದ ಫಾರೂಕೀ ದೊರೆ ಬುರ್ಹಾನ್ ಖಾನನ ಆಸ್ಥಾನದಲ್ಲಿ ‘ಸದ್ರಾಗಚಂದ್ರೋದಯ’ವನ್ನೂ, ಮುಂದೆ ಕಛವಾಹ ರಾಜಪುತ್ರರ ಆಶ್ರಯದಲ್ಲಿ ‘ರಾಗಮಂಜರಿ’ಯನ್ನೂ ಬರೆದನು. ದಕ್ಷಿಣದ ಶಾಸ್ತ್ರವನ್ನು ಬಲ್ಲವನಾಗಿ ಉತ್ತರದ ರಾಗಗಳನ್ನು ಕೇಳಿ ವರ್ಗೀಕರಿಸಿದ ಪಂಡಿತನಿವನು. ಉತ್ತರದ ‘ದರಬಾರೀ ಕಾನಡಾ’ ಮೊದಲಾದ ರಾಗಗಳ ‘ಕಾನಡಾ’ ಎಂಬ ಹೆಸರೂ ಕರ್ಣಾಟವೆಂಬ ಶಬ್ದದಿಂದಲೇ ಬಂದುದೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ನಮ್ಮ ಜನರೂ ರಾಗವೂ ಬಹಳ ಹಿಂದೆಯೇ ವಲಸೆ ಹೋಗಿದ್ದುವು ಎನ್ನಬಹುದು.

ದಕ್ಷಿಣದಲ್ಲಿ ಹದಿನೇಳನೆಯ ಶತಮಾನದಲ್ಲಿ ವೇಂಕಟಮಖಿಯು ‘ಚತುರ್ದಂಡೀ ಪ್ರಕಾಶಿಕೆ’ಯಲ್ಲಿ ಎಪ್ಪತ್ತೆರಡು ಮೇಳಗಳ ಲೆಕ್ಕವನ್ನು ಕೊಟ್ಟನು. ಇವನ ತಂದೆ ಗೋವಿಂದ ದೀಕ್ಷಿತರು ತಂಜಾವೂರಿನ ನಾಯಕ ಅರಸರ ಮಂತ್ರಿ, ಕನ್ನಡ ಮನೆತನದವರು. ಲೆಕ್ಕವೂ ಸೊಗಸಾಗಿದೆ: ರಿ, ಗಗಳನ್ನು ಜೋಡಿಸುವ ಬಗೆ ಆರು, ದ, ನಿಗಳನ್ನು ಜೋಡಿಸುವ ಬಗೆ ಆರು, ಆರಾರಲಿ ಮೂವತ್ತಾರು, ಮಧ್ಯಮಗಳು ಎರಡಾದುದರಿಂದ ಎಪ್ಪತ್ತೆರಡು. ಅನಂತರದವರು ಮೇಳಗಳ ಹೆಸರಿನಲ್ಲಿಯೇ ಸಂಖ್ಯೆಯನ್ನು ಅಡಗಿಸಿದರು. ‘ಮಾಯಾಮಾಳವಗೌಳ’ದ ಮೊದಲ ಎರಡು ಅಕ್ಷರಗಳು ಕಟಪಯಾದಿ ಸೂತ್ರದಂತೆ ಐದು, ಒಂದು, ತಿರುಗಿಸಿ ಓದಿದರೆ ಹದಿನೈದು. ಅದು ಹದಿನೈದನೆಯ ಮೇಳ. ‘ಧೀರಶಂಕರಾಭರಣ’ ಒಂಬತ್ತು, ಎರಡು, ಇಪ್ಪತ್ತೊಂಬತ್ತನೆಯದು. ಊರಿನಲ್ಲಿ ಮಕ್ಕಳಿಗೆ ಸರಳೆವರಸೆಯನ್ನು ಮಾಯಾಮಾಳವಗೌಳದಲ್ಲಿಯೇ ಹೇಳಿಕೊಡುವ ಕ್ರಮ ಪುರಂದರದಾಸರಿಂದ ಬಂದುದೆಂಬುದು ಪರಂಪರೆಯ ನಂಬಿಕೆ. ಉತ್ತರಾದಿಯವರಾದರೆ ಬಿಲಾವಲದಿಂದ, ಅಂದರೆ ನಮ್ಮ ಶಂಕರಾಭರಣದ ಸ್ವರಗಳಿಂದ, ಆರಂಭಿಸುತ್ತಾರೆ.

ಈಗ ಮುಂಬಯಿಯ ಸಂಗತಿಗೆ ಬರೋಣ. ಇಲ್ಲಿಯ ವಾಳಕೇಶ್ವರದಲ್ಲಿ 1860ರಲ್ಲಿ ಜನಿಸಿದ ವಿಷ್ಣು ನಾರಾಯಣ ಭಾತಖಂಡೆಯವರು ಕಾನೂನು ಓದಿ 1887ರಲ್ಲಿ ಪದವಿ ಪಡೆದ ವಕೀಲರು. ಸಿತಾರ್ ಕಲಿತಿದ್ದರು, ಹಾಡುವ ಗವಾಯಿಗಳ ಹತ್ತಿರ ಹೋಗಿ ಪ್ರಶ್ನೆ ಕೇಳುವ ಸ್ವಭಾವ. 1900ರಲ್ಲಿ ಪತ್ನಿಯನ್ನೂ 1903ರಲ್ಲಿ ಒಬ್ಬಳೇ ಮಗಳನ್ನೂ ಕಳೆದುಕೊಂಡ ಮೇಲೆ ವಕೀಲಿಯಿಂದ ಮನಸ್ಸು ಸರಿದು, ಉಳಿದ ಬಾಳನ್ನೆಲ್ಲ ಸಂಗೀತದ ಹುಡುಕಾಟಕ್ಕೆ ಮೀಸಲಿಟ್ಟರು. 1904ರಲ್ಲಿ ದಕ್ಷಿಣಕ್ಕೆ ಹೋದರು. ಎಟ್ಟಯಪುರದಲ್ಲಿ ಸುಬ್ಬರಾಮ ದೀಕ್ಷಿತರನ್ನು ಕಂಡರು. ಅದೇ ವರ್ಷ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ತೆಲುಗು ಲಿಪಿಯಲ್ಲಿ ಪ್ರಕಟವಾಗಿತ್ತು. ಗಮಕಗಳಿಗೂ ಒಂದೊಂದು ಚಿಹ್ನೆಯನ್ನಿಟ್ಟು ಕೃತಿಗಳನ್ನು ಬರೆದ ಗ್ರಂಥವದು. ಎಪ್ಪತ್ತೆರಡು ಮೇಳಗಳ ಕಟ್ಟು ಭಾತಖಂಡೆಯವರ ಮನಸ್ಸನ್ನು ಸೆರೆಹಿಡಿಯಿತು.

ಉತ್ತರದಲ್ಲಿ ಆಗ ಇದ್ದ ಸ್ಥಿತಿ ಬೇರೆ. ಚೀಜು, ಅಂದರೆ ಹಾಡು, ಗವಾಯಿಯ ಆಸ್ತಿ. ಅದನ್ನು ಮಗನಿಗೆ, ಮೆಚ್ಚಿನ ಶಿಷ್ಯನಿಗೆ ಕೊಟ್ಟಾನೇ ಹೊರತು ಹೊರಗಿನವನಿಗೆ ಪೂರ್ತಿ ಕೊಡನು. ಇದನ್ನು ಬರಿಯ ಜಿಪುಣತನವೆನ್ನುವುದು ತಪ್ಪು. ಅರಸರ ಆಶ್ರಯ ತಪ್ಪಿದ ಕಾಲದಲ್ಲಿ ಅದೊಂದೇ ಅವರ ಅನ್ನದ ಬಟ್ಟಲು. ಹಾಡಿನೊಡನೆ ಹಾಡುವವನೂ ಮುದುಕನಾಗುತ್ತಿದ್ದನು. ಭಾತಖಂಡೆಯವರು ರಾಂಪುರದ ನವಾಬನ ಶಿಷ್ಯರಾದರು, ಜಯಪುರದ ಮನರಂಗ ಪರಂಪರೆಯ ಗಾಯಕರಿಂದ ನೂರಾರು ಚೀಜುಗಳನ್ನು ಪಡೆದರು, ಊರೂರು ಅಲೆದು ಕೇಳಿದರು, ಬರೆದುಕೊಂಡರು. ಹೀಗೆ ಕೂಡಿಸಿದ ಸುಮಾರು 1,800 ಹಾಡುಗಳು ‘ಕ್ರಮಿಕ ಪುಸ್ತಕ ಮಾಲಿಕೆ’ಯ ಆರು ಭಾಗಗಳಲ್ಲಿ ಸ್ವರಲಿಪಿಯೊಡನೆ ಹೊರಬಂದುವು. ರಾಗಗಳನ್ನೆಲ್ಲ ಹತ್ತು ಥಾಟುಗಳಲ್ಲಿ ಹಂಚಿದವರೂ ಅವರೇ: ಬಿಲಾವಲ, ಕಲ್ಯಾಣ, ಖಮಾಜ, ಭೈರವ, ಪೂರ್ವಿ, ಮಾರವಾ, ಕಾಫಿ, ಆಸಾವರಿ, ಭೈರವಿ, ತೋಡಿ. ಪಟದೀಪದಂಥ, ಅಹೀರಭೈರವದಂಥ ರಾಗಗಳು ಈ ಹತ್ತರ ಗೂಡುಗಳಲ್ಲಿ ಸರಿಯಾಗಿ ಕೂರುವುದಿಲ್ಲವೆಂಬ ಆಕ್ಷೇಪ ಹಿಂದಿನಿಂದಲೂ ಇದೆ, ನ್ಯಾಯವಾದ ಆಕ್ಷೇಪವೇ. ಆದರೂ ಹೊಸಬನಿಗೆ ಹತ್ತು ಗೂಡುಗಳು ಎಪ್ಪತ್ತೆರಡಕ್ಕಿಂತ ಹಗುರ. 1916ರಲ್ಲಿ ಬರೋಡೆಯಲ್ಲಿ ಮೊದಲ ಅಖಿಲ ಭಾರತ ಸಂಗೀತ ಪರಿಷತ್ತು ಅವರ ಪ್ರಯತ್ನದಿಂದ ಸೇರಿತು. 1926ರಲ್ಲಿ ಲಖನೌದ ಸಂಗೀತ ಕಾಲೇಜು ತೆರೆಯಿತು. 1936ರಲ್ಲಿ ಅವರು ತೀರಿಕೊಂಡರು.

ಅವರ ಸಮಕಾಲೀನರಾದ ಇನ್ನೊಬ್ಬ ವಿಷ್ಣು, ವಿಷ್ಣು ದಿಗಂಬರ ಪಲುಸ್ಕರರು. 1872ರಲ್ಲಿ ಕುರುಂದವಾಡದಲ್ಲಿ ಹುಟ್ಟಿದವರು. ಎಳವೆಯಲ್ಲಿ ಪಟಾಕಿಯಿಂದ ಕಣ್ಣಿಗೆ ಪೆಟ್ಟಾಗಿ ಓದು ನಿಂತಾಗ ಮಿರಜಿನಲ್ಲಿ ಬಾಳಕೃಷ್ಣಬುವಾ ಇಚಲಕರಂಜೀಕರರಲ್ಲಿ ಹಾಡು ಕಲಿತರು. 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. 1908ರಲ್ಲಿ ಅದನ್ನು ಮುಂಬಯಿಗೂ ತಂದರು. ರಾಜಾಶ್ರಯವಿಲ್ಲದೆ ಜನರ ಕೈಕಾಣಿಕೆಯಿಂದ, ಕಚೇರಿಗಳ ಹಣದಿಂದ ನಡೆದ ಶಾಲೆ. ಗೃಹಸ್ಥರ ಮಕ್ಕಳು, ಹೆಣ್ಣುಮಕ್ಕಳು ಕೂಡ, ಸಂಕೋಚವಿಲ್ಲದೆ ಸಂಗೀತ ಕಲಿಯಲು ಇವರ ಶಾಲೆಗಳು ದಾರಿ ಮಾಡಿಕೊಟ್ಟುವು. ಇವರ ಶಿಷ್ಯರಾದ ದೇವಧರ ಮಾಸ್ತರರು ಮುಂಬಯಿಯಲ್ಲಿ ನಡೆಸುತ್ತಿದ್ದ ಶಾಲೆಗೆ ಬೆಳಗಾವಿಯ ಸೂಳೇಭಾವಿಯ ಹುಡುಗನೊಬ್ಬ ಹನ್ನೊಂದರ ಎಳೆವಯಸ್ಸಿನಲ್ಲಿ ಬಂದು ಸೇರಿದನು. ಅವನೇ ಕುಮಾರ ಗಂಧರ್ವ. ಭಾತಖಂಡೆಯವರ ಶಿಷ್ಯ ರಾತಂಜನಕರರಲ್ಲಿ ಲಖನೌಗೆ ಹೋಗಿ ಕಲಿತ ಬೈಲಹೊಂಗಲದ ಕೆ. ಜಿ. ಗಿಂಡೆಯವರು ಮುಂದೆ ಶೀವದ ವಲ್ಲಭ ಸಂಗೀತಾಲಯದಲ್ಲಿ ಬಹುಕಾಲ ಪಾಠ ಹೇಳಿದರು. ಎರಡು ವಿಷ್ಣುಗಳ ಪರಂಪರೆಯಲ್ಲಿಯೂ ಕನ್ನಡಿಗರ ಪಾಲಿದೆ.

ಚುಕ್ಕೆ, ಗೆರೆ, ಕಮಾನು

ಇಬ್ಬರೂ ಸ್ವರಲಿಪಿ ಮಾಡಿದರು. ಎರಡೂ ಬೇರೆ ಬೇರೆ. ನನ್ನ ಗೆಳೆಯನ ಗಂಟಲನ್ನು ಕೆಡಿಸಿದ ಕಾರಣವೂ ಇದೇ.

ಭಾತಖಂಡೆ ಪದ್ಧತಿಯಲ್ಲಿ ಚಿಹ್ನೆಯಿಲ್ಲದ ಸ್ವರ ಶುದ್ಧವೂ ಮಧ್ಯಸಪ್ತಕದ್ದೂ ಆಗಿರುತ್ತದೆ. ಸ್ವರದ ಕೆಳಗೆ ಅಡ್ಡಗೆರೆಯಿದ್ದರೆ ಕೋಮಲ. ಮಧ್ಯಮದ ಮೇಲೆ ನೆಟ್ಟಗೆರೆಯಿದ್ದರೆ ತೀವ್ರ. ಕೆಳಗೆ ಚುಕ್ಕೆಯಿದ್ದರೆ ಮಂದ್ರ, ಮೇಲೆ ಚುಕ್ಕೆಯಿದ್ದರೆ ತಾರ. ಸ್ವರದ ಮುಂದೆ ಅಡ್ಡಗೀಟಿದ್ದರೆ ಅಷ್ಟು ಮಾತ್ರೆ ಅದೇ ಸ್ವರವನ್ನು ಹಿಡಿದಿರಬೇಕು. ಎರಡು ಮೂರು ಸ್ವರಗಳ ಕೆಳಗೆ ಕಮಾನು ಎಳೆದಿದ್ದರೆ ಅವೆಲ್ಲ ಒಂದೇ ಮಾತ್ರೆಯಲ್ಲಿ; ಕಮಾನು ಮೇಲಿದ್ದರೆ ಮೀಂಡ, ಜಾರಿಸಿ ಹಾಡತಕ್ಕದ್ದು. ಸಮಕ್ಕೆ ಗುಣಾಕಾರದ ಚಿಹ್ನೆ, ಖಾಲಿಗೆ ಸೊನ್ನೆ, ಉಳಿದ ಚಪ್ಪಾಳೆಗಳಿಗೆ ಎರಡು, ಮೂರು ಎಂಬ ಅಂಕಿಗಳು.

ಪಲುಸ್ಕರ ಪದ್ಧತಿಯಲ್ಲಿ ಮೇಲಿನ ಚುಕ್ಕೆ ಮಂದ್ರದ್ದು. ತಾರಕ್ಕೆ ಮೇಲೆ ನೆಟ್ಟಗೆರೆ. ಭಾತಖಂಡೆಯವರ ತೀವ್ರಮಧ್ಯಮದ ಗೆರೆಯೂ ಇದೇ ಬಗೆಯದಾದುದರಿಂದ ಗೊಂದಲ ಇಮ್ಮಡಿ. ಸಮಕ್ಕೆ ಒಂದು ಎಂಬ ಅಂಕಿ, ಖಾಲಿಗೆ ಕೂಡಿಸುವ ಚಿಹ್ನೆ. ಪ್ರತಿ ಸ್ವರದ ಕೆಳಗೂ ಅದರ ಕಾಲಪ್ರಮಾಣದ ಗುರುತು ಇರುತ್ತದೆ. ಬರೆಯಲು, ಅಚ್ಚು ಹಾಕಲು ಭಾತಖಂಡೆಯವರದು ಸುಲಭ; ಲೆಕ್ಕದ ಸೂಕ್ಷ್ಮದಲ್ಲಿ ಪಲುಸ್ಕರರದು ಮೇಲು. ಸುಲಭವಾದುದೇ ಹೆಚ್ಚು ಹರಡಿತು. ಯಾವ ಪುಸ್ತಕವೇ ಆಗಲಿ, ಮೊದಲು ಅದರದೇ ಚಿಹ್ನೆಗಳ ಪುಟವನ್ನು ನೋಡಿಕೊಳ್ಳಬೇಕು. ಹಳೆಯ ಪುಸ್ತಕಗಳಲ್ಲಿ ಆ ಪುಟವೇ ಮೊದಲು ಹರಿದುಹೋಗಿರುತ್ತದೆಂಬುದು ಬೇರೆ ಮಾತು! ಆಗ ಖಾಲಿಯನ್ನು ನೋಡಿರಿ. ಸೊನ್ನೆಯಿದ್ದರೆ ಭಾತಖಂಡೆ, ಕೂಡಿಸುವ ಚಿಹ್ನೆಯಿದ್ದರೆ ಪಲುಸ್ಕರ.

ಇಷ್ಟು ತಿಳಿದ ಮೇಲೆ ಪುಸ್ತಕದಿಂದಲೇ ಸಂಗೀತ ಬಂದೀತೇ? ಬಾರದು. ದರಬಾರೀ ಕಾನಡಾದ ಗಾಂಧಾರವನ್ನು ಕಾಗದದ ಮೇಲೆ ಬರೆಯುವಾಗ ‘ಗ’ದ ಕೆಳಗೊಂದು ಗೆರೆ ಎಳೆಯುತ್ತಾರೆ. ಹಾಡುವಾಗ ಅದು ತೂಗುಯ್ಯಾಲೆಯಂತೆ ನಿಧಾನವಾಗಿ ಓಲಾಡುತ್ತದೆ. ಹಾರ್ಮೋನಿಯಂನ ಯಾವ ಮನೆಯಲ್ಲಿಯೂ ಅದು ಕುಳಿತಿರುವುದಿಲ್ಲ. ಆ ಓಲಾಟವನ್ನು ಗುರುವಿನ ಕಂಠದಿಂದ ಕೇಳಿಯೇ ಹಿಡಿಯಬೇಕು. ಮಲ್ಲಿಕಾರ್ಜುನ ಮನಸೂರರು ಮಿರಜಿನ ನೀಲಕಂಠಬುವಾರಲ್ಲಿಯೂ, ಮುಂದೆ ಮಂಜೀಖಾನ, ಭೂರ್ಜೀಖಾನರಲ್ಲಿಯೂ ವರ್ಷಗಟ್ಟಲೆ ಎದುರು ಕುಳಿತು ಕಲಿತುದು ಇಂಥದನ್ನೇ. ಆದರೆ ಗುರುವಿನ ಬಳಿ ವಾರಕ್ಕೊಂದೇ ದಿನ ಹೋಗಬಲ್ಲವನಿಗೆ, ಉಳಿದ ಆರು ದಿನ ಹಾಡು ಮರೆತುಹೋಗದಂತೆ ಕಾಯುವುದು ಸ್ವರಲಿಪಿ. ಮನೆಗೆ ಬರೆಯುವ ಕಾಗದದಲ್ಲಿ ತಾಯಿಯ ದನಿಯಿರುವುದಿಲ್ಲ, ಸುದ್ದಿಯಿರುತ್ತದೆ. ದೂರದಲ್ಲಿರುವವನಿಗೆ ಆ ಸುದ್ದಿಯ ಬೆಲೆ ಎಷ್ಟೆಂಬುದನ್ನು ನಮ್ಮವರಿಗೆ ಹೇಳಬೇಕಾಗಿಲ್ಲ.

ನನ್ನ ಗೆಳೆಯನಿಗೆ ಎರಡು ತಿಂಗಳು ಹಾಡನ್ನೇ ಬಿಡಿಸಿದೆ. ಆಮೇಲೆ ಬೆಳಗಿನ ಜಾವ ಹೊಟೇಲಿನ ಬಾಗಿಲು ತೆಗೆಯುವ ಮೊದಲು ಹದಿನೈದು ನಿಮಿಷ ಮಂದ್ರದ ಷಡ್ಜ, ಪಂಚಮಗಳನ್ನು ಮೆಲ್ಲಗೆ ಹಿಡಿಯುವುದು, ಅಷ್ಟೇ. ಈಗ ಭಾನುವಾರ ಸಂಜೆ ಹತ್ತಿರದ ಗುರುಗಳೊಬ್ಬರಲ್ಲಿಗೆ ಹೋಗುತ್ತಾನೆ. ಮಾಲಕರೂ ಆ ಎರಡು ತಾಸು ಬಿಟ್ಟುಕೊಟ್ಟಿದ್ದಾರೆ. ಭೂಪದ ಒಂದು ಚೀಜು ಕಲಿಯುತ್ತಿದ್ದಾನೆ. ಅದು ಒಂಬತ್ತನೆಯ ಮಾತ್ರೆಯಿಂದ, ಖಾಲಿಯಿಂದ, ಏಳುತ್ತದೆ. ಸಮಕ್ಕೆ ಬಂದು ಗಾಂಧಾರದ ಮೇಲೆ ಕುಳಿತುಕೊಳ್ಳಬೇಕು. ಮೊನ್ನೆ ಕಾಫಿಗೆ ಹೋದಾಗ ಚಿಲ್ಲರೆ ಎಣಿಸುತ್ತ ಮೇಜಿನ ಮೇಲೆ ಬೆರಳಿನಿಂದ ಹದಿನಾರು ಮಾತ್ರೆ ತಟ್ಟುತ್ತಿದ್ದನು. ಎರಡು ಸಲ ಧೈವತದಲ್ಲಿ ತಡೆದು ನಿಂತು ತಾನೇ ನಕ್ಕನು. ಹಳೆಯ ಪುಸ್ತಕವನ್ನು ಅವನು ಎಸೆಯಲಿಲ್ಲ. ಮೊದಲ ಪುಟದ ಮೇಲುಗಡೆ “ಮೇಲೆ ಚುಕ್ಕೆ ಎಂದರೆ ಕೆಳಗೆ” ಎಂದು ಕೆಂಪು ಶಾಯಿಯಲ್ಲಿ ದಪ್ಪವಾಗಿ ಬರೆದಿಟ್ಟುಕೊಂಡಿದ್ದಾನೆ.